ಏಳು ತಂಗಿ, ಮಾಗಿ ಬಂತು

ಬಾಣಂತನ ಮಾಡುವುದರಲ್ಲಿ ನಮ್ಮ ಮನೆಗಳದ್ದು ದೊಡ್ಡ ಕೈ. ಹಂಡೆ ತುಂಬ ನೀರು ಕಾಯಿಸಿ, ಮೈಗೆಲ್ಲ ಎಣ್ಣೆ ತಿಕ್ಕಿ ಎರೆಯುತ್ತಾರೆ. ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುತ್ತಾರೆ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಉತ್ತರ ಕರ್ನಾಟಕದ ಕಡೆಯಾದರೆ ಒಣಕೊಬ್ಬರಿ, ಉತ್ತತ್ತಿ ಹಾಕಿ ಕಟ್ಟಿದ ಅಂಟಿನುಂಡಿ. ಮೂರೋ ಐದೋ ತಿಂಗಳು ತವರಿನಲ್ಲಿ ಹುಡುಗಿಯನ್ನು ಅಂಗೈ ಮೇಲೆ ಇಟ್ಟು ನೋಡಿಕೊಳ್ಳುತ್ತಾರೆ. ಆಮೇಲೆ ಒಳ್ಳೆಯ ದಿನ ಗೊತ್ತು ಮಾಡಿ, ತೊಟ್ಟಿಲು ಸಮೇತ ಗಂಡನ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಬಾಣಂತನ ಮುಗಿಯಿತು. ಮರುದಿನದಿಂದ ಅವಳ ಬೆನ್ನು, ಸೊಂಟ, ಮಂಡಿ, ನಿದ್ದೆ ಯಾವುದರ ಮಾತನ್ನೂ ಯಾರೂ ಎತ್ತುವುದಿಲ್ಲ. ಮಗುವಿನ ತೂಕ ಎಷ್ಟಾಯಿತು ಎಂದು ಬಂದವರೆಲ್ಲ ಕೇಳುತ್ತಾರೆ. ಎಷ್ಟು ಮೆಟ್ಟಿಲು ಹತ್ತಿದರೆ ತಾಯಿಗೆ ಏದುಸಿರು ಬರುತ್ತದೆ ಎಂದು ಕೇಳುವವರಿಲ್ಲ.

ತಾಯಿಗೆ ವಿಶ್ರಾಂತಿ ಕೊಡುವ ವಿದ್ಯೆ ಅಜ್ಜಿಯರಿಂದ ನಮಗೆ ಬಂದಿದೆ. ಅದನ್ನು ಹಗುರವಾಗಿ ನೋಡುವವಳು ನಾನಲ್ಲ. ಆದರೆ ವಿಶ್ರಾಂತಿ ಮುಗಿದ ಮೇಲೆ ಆ ಮೈಗೆ ಕಸುವು ತುಂಬಿಸಿ, ಮತ್ತೆ ನೆಗೆದು ಓಡುವಂತೆ ಮಾಡುವ ವಿದ್ಯೆ ಇನ್ನೂ ನಮ್ಮ ಮನೆಗಳಿಗೆ ಬಂದಿಲ್ಲ. ಅದನ್ನು ತರಬೇಕಾದವರು ಈಗ ಇಪ್ಪತ್ತು, ಮೂವತ್ತರ ಆಸುಪಾಸಿನಲ್ಲಿರುವ ನೀವು. ಮಗು ಎತ್ತಿಕೊಂಡು ಕಿಟಕಿಯ ಬಳಿ ನಿಂತಿರುವ ತಂಗಿ, ನಿನಗೆ ಹೇಳುತ್ತಿದ್ದೇನೆ. ಪಕ್ಕದಲ್ಲಿ ಮೊಬೈಲು ಹಿಡಿದು ಕೂತಿರುವ ತಮ್ಮ, ನಿನಗೂ ಹೇಳುತ್ತಿದ್ದೇನೆ. ಈ ಮಾಗಿಯಲ್ಲಿ ಆಕೆ ಓಡಬೇಕು. ಆಕೆ ಓಡುವುದಕ್ಕೆ ಬೇಕಾದ ಒಂದು ಗಂಟೆಯನ್ನು ಮನೆ ಮಂದಿಯೆಲ್ಲ ಸೇರಿ ಹೊಂದಿಸಬೇಕು.

ಯಾಕೆ ಮಾಗಿಯೇ? ನಮ್ಮ ನಾಡಿನಲ್ಲಿ ಓಟ ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ನಸುಕು 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿದು ಮೈ ನಡುಗಿಸುತ್ತದೆ. ಮಂಗಳೂರು, ಕಾರವಾರದ ಕಡೆ ಚಳಿ ಅನ್ನುವಂಥದ್ದೇನೂ ಇರುವುದಿಲ್ಲ, ಆದರೆ ವರ್ಷವೆಲ್ಲ ಕಾಡುವ ಆ ಜಿಗುಟು ಬೆವರು ಸ್ವಲ್ಪ ತಗ್ಗುತ್ತದೆ. ಓಡುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಬೇಸಿಗೆಯಲ್ಲಿ ಆ ಶಾಖವನ್ನು ಹೊರಹಾಕಲು ಚರ್ಮದ ಕಡೆಗೂ ರಕ್ತ ಹರಿಸಬೇಕು, ಕಾಲಿನ ಸ್ನಾಯುಗಳಿಗೂ ಹರಿಸಬೇಕು, ಹೃದಯಕ್ಕೆ ಎರಡು ಪಾಳಿಯ ದುಡಿಮೆ. ಚಳಿಯಲ್ಲಿ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಏಪ್ರಿಲ್‌ನಲ್ಲಿ ಎರಡು ನಿಮಿಷಕ್ಕೆ ಸೋಲುವ ಕಾಲು ಜನವರಿಯಲ್ಲಿ ಐದು ನಿಮಿಷ ಓಡುತ್ತದೆ. ಹೊಸದಾಗಿ ಶುರು ಮಾಡುವವಳಿಗೆ ಆ ಮೂರು ನಿಮಿಷವೇ ದೊಡ್ಡ ಧೈರ್ಯ.

"ಚಳೀಲಿ ಹೊರಗೆ ಹೋದ್ರೆ ಶೀತ ಆಗುತ್ತೆ, ಹಾಲು ತಣ್ಣಗಾಗುತ್ತೆ, ಮಗೂಗೆ ನೆಗಡಿ" ಎನ್ನುವ ಮಾತು ಬಂದೇ ಬರುತ್ತದೆ. ಪ್ರೀತಿಯಿಂದ ಬರುವ ಮಾತು, ಜಗಳ ಆಡಬೇಡ. ಸಮಾಧಾನವಾಗಿ ಹೇಳು: ಹೊರಗೆ ಎಷ್ಟೇ ಚಳಿ ಇರಲಿ, ಎದೆಹಾಲು ಬರುವುದು ಮೈ ಬಿಸಿಯಲ್ಲೇ. ನೆಗಡಿ ತರುವುದು ವೈರಸ್ಸು, ಅದು ಹೆಚ್ಚಾಗಿ ಹರಡುವುದು ಕಿಟಕಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ. ಹಿತಮಿತವಾದ ವ್ಯಾಯಾಮದಿಂದ ಹಾಲು ಕಡಿಮೆಯಾಗುವುದಿಲ್ಲ, ಕೆಡುವುದೂ ಇಲ್ಲ. ಇನ್ನು ಚಳಿಯಲ್ಲಿ ಬೇಗ ಏಳುವುದಂತೂ ನಮ್ಮ ಹೆಂಗಸರಿಗೆ ಹೊಸತಲ್ಲ. ಧನುರ್ಮಾಸದಲ್ಲಿ ನಕ್ಷತ್ರ ಇನ್ನೂ ಕಾಣುತ್ತಿರುವಾಗಲೇ ತಣ್ಣೀರಿನಲ್ಲಿ ಅಂಗಳ ಸಾರಿಸಿ ರಂಗೋಲಿ ಬಿಟ್ಟು, ಹುಗ್ಗಿಯ ನೈವೇದ್ಯಕ್ಕೆ ಒಲೆ ಹಚ್ಚಿದವರು ಯಾರು? ಮನೆಗಾಗಿ, ದೇವರಿಗಾಗಿ ನಾಲ್ಕಕ್ಕೆ ಎದ್ದಾಗ ತಾಗದ ಶೀತ, ತನಗಾಗಿ ಆರಕ್ಕೆ ಎದ್ದರೆ ತಾಗುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ.

ಧೈರ್ಯದ ಮಾತು ಹೇಳಿದವಳು ಎಚ್ಚರಿಕೆಯ ಮಾತನ್ನೂ ಹೇಳಬೇಕು, ಯಾಕೆಂದರೆ ಇಲ್ಲಿ ಆತುರ ಪಟ್ಟರೆ ಮೈ ವರ್ಷಗಟ್ಟಲೆ ಅನುಭವಿಸುತ್ತದೆ. ಹೆರಿಗೆಯಾದ ಮೂರು ತಿಂಗಳೊಳಗೆ ಓಟ ಬೇಡವೇ ಬೇಡ. ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು 2019ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದೂ ಇದನ್ನೇ: ಮೂರರಿಂದ ಆರು ತಿಂಗಳ ನಡುವೆ, ಮೈ ಸಿದ್ಧವಾಗಿದ್ದರೆ ಮಾತ್ರ. ಸಿದ್ಧವಾಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಒಂದು ಕಾಲಿನ ಮೇಲೆ ಹತ್ತು ಸೆಕೆಂಡು ಅಲ್ಲಾಡದೆ ನಿಲ್ಲಬೇಕು. ನಿಂತಲ್ಲೇ ಒಂದು ನಿಮಿಷ ಓಡಬೇಕು. ಕುಂಟೆಬಿಲ್ಲೆ ಆಡುವಾಗ ಕುಪ್ಪಳಿಸುತ್ತಿದ್ದೆಯಲ್ಲ, ಹಾಗೆ ಪ್ರತಿ ಕಾಲಿನಲ್ಲೂ ಹತ್ತು ಸಲ ಕುಪ್ಪಳಿಸಬೇಕು. ಇದರಲ್ಲಿ ಎಲ್ಲಿಯೂ ನೋವು ಕಾಣಬಾರದು, ಕೆಳಗೆ ಭಾರ ಎಳೆದಂತೆ ಆಗಬಾರದು, ಮೂತ್ರ ಜಿನುಗಬಾರದು. ಜಿನುಗಿದರೆ ಅದು ನಾಚಿಕೆ ಪಡುವ ವಿಷಯವಲ್ಲ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಎತ್ತಿಹಿಡಿದಿರುವ ಸ್ನಾಯುಗಳು ಒಂಬತ್ತು ತಿಂಗಳು ಭಾರ ಹೊತ್ತು ಸಡಿಲವಾಗಿರುತ್ತವೆ, ಅವಕ್ಕೆ ಪ್ರತ್ಯೇಕ ವ್ಯಾಯಾಮ ಬೇಕು. "ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸಹಿಸಿಕೊಂಡು, ಕೆಮ್ಮಿದರೆ ಸೀನಿದರೆ ಹೆದರುತ್ತಾ ಬದುಕಿದ ಎಷ್ಟು ಅಮ್ಮಂದಿರು, ಅತ್ತೆಯರು ನಮ್ಮ ನಡುವೆ ಇಲ್ಲ? ನೀನು ಸಹಿಸಿಕೊಳ್ಳಬೇಡ. ಹೆರಿಗೆ ಡಾಕ್ಟರಿಗೆ ಹೇಳು, ಫಿಸಿಯೋಥೆರಪಿಸ್ಟರನ್ನು ಕಾಣು. ಸರಿಹೋಗುವ ತೊಂದರೆ ಅದು.

ಸಿಸೇರಿಯನ್ ಆದವರಿಗೆ ಇನ್ನೂ ತಾಳ್ಮೆ ಬೇಕು. ಕರ್ನಾಟಕದಲ್ಲಿ ಇಂದು ನೂರು ಹೆರಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಿಸೇರಿಯನ್. ಮೇಲಿನ ಹೊಲಿಗೆ ಒಣಗಿದ ಕೂಡಲೇ ಒಳಗೂ ಕೂಡಿಕೊಂಡಿದೆ ಎಂದು ತಿಳಿಯಬಾರದು. ಆರು ವಾರಕ್ಕೆ ಹೊಟ್ಟೆಯ ಒಳಪದರಕ್ಕೆ ಮೊದಲಿನ ಬಲದ ಅರ್ಧದಷ್ಟು ಮಾತ್ರ ಬಂದಿರುತ್ತದೆ. ಆರೇಳು ತಿಂಗಳಾದ ಮೇಲೂ ಪೂರ್ತಿ ಬಂದಿರುತ್ತದೆ ಎನ್ನುವಂತಿಲ್ಲ. ಆದ್ದರಿಂದ ಡಾಕ್ಟರು ಹೂಂ ಅನ್ನುವ ತನಕ ನಡಿಗೆಯಲ್ಲೇ ಇರು. ನಡಿಗೆಯೂ ಸಣ್ಣ ಮಾತಲ್ಲ. ಹೆರಿಗೆಯಾದ ಹೆಂಗಸರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಹಂಚಿದರೆ ಇಪ್ಪತ್ತು ನಿಮಿಷ ಚಿಲ್ಲರೆ.

ಇನ್ನೊಂದು ವಿಷಯ, ನಮ್ಮ ದೇಶದಲ್ಲಿ ಇದನ್ನು ಬಿಟ್ಟು ಓಟದ ಮಾತೇ ಆಡಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲದವಳನ್ನು "ಎದ್ದು ಓಡು" ಎಂದು ಹುರಿದುಂಬಿಸುವುದು ಕ್ರೌರ್ಯವಾಗುತ್ತದೆ. ಓಟದ ಶೂ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸು. ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುವ ವ್ಯವಸ್ಥೆ ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳು, ಸಂಕೋಚ ಬೇಡ. ಊಟದ ಜೊತೆಗೇ ಟೀ ಕುಡಿಯುವ ಅಭ್ಯಾಸ ಬಿಡು, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೋ, ಮಾಗಿಯಲ್ಲಿ ಸಿಗುವ ನೆಲ್ಲಿಕಾಯಿ ತಿನ್ನು. ರಾಗಿಯನ್ನು ಮರೆಯಬೇಡ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಹಾಲೂಡಿಸುವವಳ ಮೂಳೆಗೆ ಅದು ಬೇಕೇ ಬೇಕು. ಮಗುವಿಗೆ ರಾಗಿ ಸರಿ ಕಲಸುವ ಕೈ ಒಂದು ಲೋಟ ಅಂಬಲಿಯನ್ನು ತನಗೂ ಬಿಟ್ಟುಕೊಳ್ಳಲಿ.

ಇಷ್ಟಾದ ಮೇಲೆ, ಹೊರಡು. ಮೊದಲ ವಾರ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಡು, ಮುಂದಿನ ಎರಡು ಕಂಬ ನಡೆ. ಪಕ್ಕದಲ್ಲಿದ್ದವರ ಜೊತೆ ಮಾತಾಡಲು ಆಗುವಷ್ಟು ನಿಧಾನ ಸಾಕು. ಮಾತು ಕಡಿದರೆ ವೇಗ ಹೆಚ್ಚಾಯಿತು ಎಂದರ್ಥ. ಹೊರಡುವ ಮೊದಲು ಮಗುವಿಗೆ ಹಾಲೂಡಿಸು, ಎದೆಯೂ ಹಗುರ, ಮಗುವೂ ಒಂದು ಗಂಟೆ ನಿಶ್ಚಿಂತೆ. ಎದೆಗೆ ಗಟ್ಟಿಯಾಗಿ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾಗೆ ಹಣ ಖರ್ಚು ಮಾಡು, ಉಳಿದ ಬಟ್ಟೆ ಯಾವುದಾದರೂ ನಡೆಯುತ್ತದೆ. ಹಳೆಯ ಚೂಡಿದಾರ ಹಾಕಿಕೊಂಡು, ವೇಲ್ ಅನ್ನು ಸೊಂಟಕ್ಕೆ ಬಿಗಿದುಕೊಂಡು ಓಡುವವರನ್ನು ನಮ್ಮ ತಾಲ್ಲೂಕು ಮೈದಾನಗಳಲ್ಲಿ ಕಂಡಾಗ ನನಗೆ ತುಂಬ ಗೌರವ ಹುಟ್ಟುತ್ತದೆ. ದೊಡ್ಡ ರಸ್ತೆಯ ಪಕ್ಕ ಮಾತ್ರ ಬೇಡ. ಚಳಿಗಾಲದ ಬೆಳಗ್ಗೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ವಾಹನದ ಹೊಗೆ, ಒಣಎಲೆ ಸುಟ್ಟ ಹೊಗೆ ಮೇಲೇಳದೆ ಮೂಗಿನ ಮಟ್ಟದಲ್ಲೇ ನಿಂತಿರುತ್ತದೆ. ಕೆರೆ ಏರಿ, ಶಾಲೆಯ ಬಯಲು, ಪಾರ್ಕಿನ ಒಳದಾರಿ ಹುಡುಕು. ಮೈಸೂರಿನವರು ಪುಣ್ಯವಂತರು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ದಂಡೆಯ ಮಣ್ಣಿನ ಹಾದಿ ಮಂಡಿಗೂ ಮೆದು, ಕಣ್ಣಿಗೂ ತಂಪು.

ತಾಯಿಯಾದ ಮೇಲೆ ಮೈಯ ಕಥೆ ಮುಗಿಯಿತು ಎನ್ನುವವರಿಗೆ ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ ಅವರ ಹೆಸರು ಹೇಳು. ಅವರದು ಹೆಪ್ಟಾಥ್ಲಾನ್. ಎರಡು ದಿನದಲ್ಲಿ ಏಳು ಸ್ಪರ್ಧೆ: ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್, ಉದ್ದ ಜಿಗಿತ, ಜಾವೆಲಿನ್, ಕೊನೆಗೆ ಕಾಲು ಸೋತಿರುವಾಗ 800 ಮೀಟರ್. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದವರು, ತಾಯಿಯಾದ ಮೇಲೆ ಮತ್ತೆ ತಯಾರಾಗಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಾಗ ಅವರಿಗೆ 33 ವರ್ಷ. ಅವರ ಮಗಳು ಉನ್ನತಿ ಅಯ್ಯಪ್ಪ ಕೂಡ ಇಂದು ಅಥ್ಲೀಟ್. ಅಮ್ಮ ಬೆವರಿಳಿಸುವುದನ್ನು ನೋಡುತ್ತಾ ಬೆಳೆದ ಮಗುವಿಗೆ ಮೈದಾನವೂ ಮನೆಯ ಒಂದು ಕೋಣೆಯೇ.

ಚಳಿ, ಓಟ, ಎಳೆಯ ಮಗು ಮೂರೂ ಒಂದೇ ಕಥೆಯಲ್ಲಿ ಸೇರಿದ್ದನ್ನು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಪ್ರತಿ ಜನವರಿಯಲ್ಲಿ ಸ್ಪೈನ್ ರೇಸ್ ನಡೆಯುತ್ತದೆ. ಡಾರ್ಬಿಶೈರಿನ ಈಡೇಲ್ ಎಂಬ ಹಳ್ಳಿಯಿಂದ ಗುಡ್ಡಗಳ ಬೆನ್ನು ಹಿಡಿದು ಸ್ಕಾಟ್ಲೆಂಡಿನ ಗಡಿಯ ತನಕ, ಸುಮಾರು 430 ಕಿಲೋಮೀಟರ್. ಆ ದಿನಗಳಲ್ಲಿ ಅಲ್ಲಿ ಬೆಳಕು ಇರುವುದೇ ಎಂಟು ಗಂಟೆ, ಉಳಿದದ್ದೆಲ್ಲ ಕತ್ತಲು, ಕೆಸರು, ಮಂಜು, ಕೊರೆಯುವ ಗಾಳಿ. 2019ರ ಜನವರಿಯಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ ಅದರಲ್ಲಿ ಓಡಿದರು. ಮನೆಯಲ್ಲಿ 14 ತಿಂಗಳ ಮಗಳು, ಇನ್ನೂ ಹಾಲು ಕುಡಿಯುತ್ತಿದ್ದಳು. ಜೊತೆಗೆ ಪಿಎಚ್‌ಡಿ ಪ್ರಬಂಧ ಮುಗಿಸುವ ಒತ್ತಡ. ಓಟದ ನಡುವೆ ತಂಗುವ ಠಾಣೆಗಳಲ್ಲಿ ಬೇರೆಯವರು ಊಟ, ನಿದ್ದೆಗೆ ಕೂತರೆ ಇವರು ಎದೆ ಕಟ್ಟಿಕೊಳ್ಳದಂತೆ ಹಾಲು ಹಿಂಡಿ ತೆಗೆಯುತ್ತಿದ್ದರು. ಒಟ್ಟು ಮಲಗಿದ್ದು ಮೂರೇ ಗಂಟೆ. 83 ಗಂಟೆ 12 ನಿಮಿಷಕ್ಕೆ ಗುರಿ ಮುಟ್ಟಿದಾಗ ಅವರು ಮೊದಲಿಗರಾಗಿದ್ದು ಹೆಂಗಸರಲ್ಲಿ ಮಾತ್ರವಲ್ಲ. ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದಿದ್ದರು, ಹಿಂದಿನ ದಾಖಲೆಯನ್ನು ಹನ್ನೆರಡು ಗಂಟೆಯಷ್ಟು ಮುರಿದಿದ್ದರು. ಗುರಿಯ ಬಳಿ ಗಂಡ, ಮಗಳು ಕಾಯುತ್ತಿದ್ದರು. 2024ರಲ್ಲಿ ಅಮೆರಿಕದ ಬಾರ್ಕ್ಲಿ ಮ್ಯಾರಥಾನ್ಸ್ ಎಂಬ ಇನ್ನೂ ಕಠಿಣವಾದ ಓಟವನ್ನು ಪೂರೈಸಿದ ಮೊದಲ ಮಹಿಳೆಯೂ ಅವರೇ. ಕಾಲಮಿತಿ ಮುಗಿಯಲು ಬರೀ 99 ಸೆಕೆಂಡು ಉಳಿದಿತ್ತು.

ನಿನಗೆ 430 ಕಿಲೋಮೀಟರ್ ಓಡು ಎಂದು ನಾನು ಹೇಳುವುದಿಲ್ಲ. ಆ ಠಾಣೆಗಳ ದೃಶ್ಯವನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೋ. ಹಾಲೂಡಿಸುವ ಮೈ ಮತ್ತು ಓಡುವ ಮೈ ಎರಡೂ ಒಂದೇ, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಆ ಮೂರೂವರೆ ದಿನ ಮಗುವನ್ನು ಯಾರೋ ನೋಡಿಕೊಂಡರು ಎನ್ನುವುದನ್ನೂ ಮರೆಯಬೇಡ.

ಈಗ ನಿನ್ನ ಸರದಿ, ತಮ್ಮ. ಹೆಂಡತಿ ಓಡಲು ಹೋದಾಗ ನೀನು ಮಗುವನ್ನು "ಒಂದು ಗಂಟೆ ಇಟ್ಟುಕೊಂಡು ಸಹಾಯ ಮಾಡಿದೆ" ಎನ್ನಬೇಡ. ನಿನ್ನ ಮಗುವನ್ನು ನೀನು ನೋಡಿಕೊಂಡೆ, ಅಷ್ಟೇ. ಮಗು ಅತ್ತರೆ ಆಕೆಗೆ ಫೋನ್ ಮಾಡಬೇಡ. ಲಂಗೋಟಿ ಬದಲಿಸಲು, ಹೆಗಲ ಮೇಲೆ ಹಾಕಿಕೊಂಡು ತೇಗಿಸಲು, ಜೋಗುಳ ಹಾಡಲು ನಿನಗೂ ಬರುತ್ತದೆ, ಬಾರದಿದ್ದರೆ ಕಲಿ. ಮೊದಲ ಕೆಲವು ದಿನ ಮಗು ಹಟ ಮಾಡಬಹುದು. ಆಮೇಲೆ ಅಪ್ಪನ ಎದೆಯ ವಾಸನೆಯೂ ಅದಕ್ಕೆ ಗುರುತಾಗುತ್ತದೆ, ಆ ಸಂಬಂಧ ನಿನ್ನ ಬದುಕಿನುದ್ದಕ್ಕೂ ಉಳಿಯುತ್ತದೆ. ಮನೆಯಲ್ಲಿ ಹಿರಿಯರು ಮುಖ ಸಣ್ಣ ಮಾಡಿಕೊಂಡರೆ ಉತ್ತರ ಹೇಳಬೇಕಾದವನೂ ನೀನೇ. "ಅಮ್ಮ, ನಾನೇ ಹೋಗು ಅಂದೆ, ಮಗು ನನ್ನ ಹತ್ರ ಇರುತ್ತೆ" ಎಂಬ ನಿನ್ನ ಒಂದು ಮಾತಿಗೆ ಸೊಸೆಯ ಹತ್ತು ಮಾತಿಗಿಲ್ಲದ ತೂಕವಿದೆ. ಅದು ನ್ಯಾಯವಲ್ಲ, ಆದರೆ ಸದ್ಯಕ್ಕೆ ನಮ್ಮ ಮನೆಗಳು ಹಾಗಿವೆ. ಆ ತೂಕವನ್ನು ಆಕೆಯ ಪರವಾಗಿ ಬಳಸು.

ತಂಗಿ, ಮಗುವನ್ನು ಬಿಟ್ಟು ಹೊರಟಾಗ ಗೇಟಿನ ಬಳಿಯೇ ಎದೆಯಲ್ಲಿ ಒಂದು ಎಳೆತ ಶುರುವಾಗುತ್ತದೆ. ಗೊತ್ತು. ತಪ್ಪು ಮಾಡುತ್ತಿದ್ದೇನೆಯೇ ಅನ್ನಿಸುತ್ತದೆ. ಆ ಎಳೆತ ಪ್ರೀತಿಯದು, ಅದನ್ನು ತಪ್ಪಿತಸ್ಥ ಭಾವವೆಂದು ತಿಳಿಯಬೇಡ. ಹಿಂದಿರುಗಿ ಬಂದಾಗ ಬೆವರಿದ ಮೈಗೆ ಮಗು ಕೈ ಚಾಚುತ್ತದೆ, ಆ ಹೊತ್ತಿಗೆ ನಿನ್ನ ಮುಖದ ಮೇಲೆ ಇರುವ ಗೆಲುವನ್ನು ಅದು ನೋಡುತ್ತದೆ. ರಾತ್ರಿಯೆಲ್ಲ ಎದ್ದು ಕೂತವಳ ಮನಸ್ಸು ಎಷ್ಟು ಕುಗ್ಗಿರುತ್ತದೆ ಎಂದು ಬಲ್ಲವರಿಗೆ ಆ ಗೆಲುವಿನ ಬೆಲೆ ತಿಳಿದಿರುತ್ತದೆ. ಆದರೆ ವಾರಗಟ್ಟಲೆ ಅಳು, ಯಾವುದರಲ್ಲೂ ಆಸೆ ಇಲ್ಲದಿರುವುದು, ಮಗುವನ್ನು ಕಂಡರೆ ಭಯ, ಇಂಥದ್ದು ಇದ್ದರೆ ಓಟದಿಂದ ಸರಿಹೋಗಲಿ ಎಂದು ಕಾಯಬೇಡ, ಡಾಕ್ಟರ ಬಳಿ ಹೋಗು.

ಈ ಮಾತು ಅಪಾರ್ಟ್‌ಮೆಂಟಿನ ಹೆಣ್ಣುಮಕ್ಕಳಿಗೆ ಮಾತ್ರ ಅಂದುಕೊಳ್ಳಬಾರದು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಕೂಸಿನ ಮನೆ ಇರಬೇಕೆಂದಾಯಿತು. ಆದರೆ ಮನೆಗೆಲಸದವಳಿಗೆ, ಕೂಲಿಗೆ ಹೋಗುವವಳಿಗೆ ಆ ರಜೆ ಎಲ್ಲಿದೆ? ಹೊಲದಲ್ಲಿ ದಿನವೆಲ್ಲ ಬಗ್ಗಿ ಕಳೆ ಕೀಳುವವಳಿಗೆ ಬೆಳಗಿನ ಓಟಕ್ಕಿಂತ ಮಧ್ಯಾಹ್ನದ ನಿದ್ದೆ ಹೆಚ್ಚು ಬೇಕು, ಅದನ್ನು ಒಪ್ಪಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ವಾರವೆಲ್ಲ ಮಷಿನ್ನಿನ ಮುಂದೆ ಕೂರುವ ಅಮ್ಮನಿಗೆ ಸಿಗುವುದು ಭಾನುವಾರ ಒಂದೇ. ಆ ಭಾನುವಾರದಲ್ಲಿ ಬಟ್ಟೆ ರಾಶಿ, ದೋಸೆ ಹಿಟ್ಟು, ನೆಂಟರು ಎಲ್ಲರೂ ಪಾಲು ಕೇಳುತ್ತಾರೆ. ಬೆಳಗಿನ ಒಂದು ಗಂಟೆಯ ಪಾಲನ್ನು ಆಕೆಯೂ ಜೋರಾಗಿಯೇ ಕೇಳಲಿ.

ಓಟದ ಮಾತು ಇಷ್ಟು. ಉಳಿದ ಭಾನುವಾರವೂ ಮನೆಯೊಳಗೇ ಕಳೆಯಬಾರದು. ಮಾಗಿ ಇರುವುದೇ ಹೊರಗೆ ಹೋಗುವುದಕ್ಕೆ. ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ್, ವಿಜಯಪುರದ ಹೊಲಗಳನ್ನು ನೋಡಬೇಕು. ಊರಿಗೆ ಊರೇ ಖಾಲಿಯಾಗಿ ಹೊಲಕ್ಕೆ ಬಂದಿರುತ್ತದೆ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಟಂಟಂ, ಸಿಕ್ಕಿದ್ದರಲ್ಲಿ ಮುದುಕರು, ಕೂಸುಗಳು, ಬುಟ್ಟಿ ಬುಟ್ಟಿ ಬುತ್ತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಭಜ್ಜಿ, ಶೇಂಗಾ ಹೋಳಿಗೆ. ಎದೆಮಟ್ಟ ಬೆಳೆದ ಜೋಳದ ನಡುವೆ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆಯೇ ತಾವು ಉಣ್ಣುವುದು. ಇಡೀ ಕುಟುಂಬ ಚಳಿಗಾಲದಲ್ಲಿ ಬಯಲಿಗೆ ಬಂದು ಒಟ್ಟಿಗೆ ಕೂರುವ ಈ ಹಬ್ಬ ನಮ್ಮಲ್ಲಿ ಇರುವಾಗ, ಪಿಕ್‌ನಿಕ್ಕನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕಿರುವ ಆ ಕಡೆಯ ಹುಡುಗ ಹುಡುಗಿಯರೇ, ಈ ಸಲ ಆ ದಿನಕ್ಕೆ ರಜೆ ಹಾಕಿ. ನಿಮ್ಮ ಮಗುವಿನ ಬರಿಗಾಲು ಒಮ್ಮೆ ಆ ಕರಿಮಣ್ಣಿನ ಮೇಲೆ ಓಡಲಿ.

ಗದಗ ಜಿಲ್ಲೆಯವರಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆಯೂ ಸಿಕ್ಕಿದೆ. ಮೈಸೂರು, ಮಂಡ್ಯದವರಿಗೆ ರಂಗನತಿಟ್ಟು ಹತ್ತಿರ. ಬೆಂಗಳೂರಿನವರಿಗೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಆಮೇಲೆ ಅವರೆಕಾಯಿ ಸೊಗಡು, ಜನವರಿ ಕೊನೆಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಗದ್ದಲ ಬೇಡ ಅನ್ನುವವರು ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ ಕಬ್ಬನ್ ಪಾರ್ಕಿಗೆ ಹೋಗಿ. ಬಿದಿರು ಮೆಳೆಯ ಕೆಳಗೆ ಜಮಖಾನ ಹಾಸಿ ಮಗುವನ್ನು ಮಲಗಿಸಿದರೆ ಎಲೆ ಅಲುಗುವುದನ್ನು ನೋಡುತ್ತಾ ಗಂಟೆ ಕಳೆಯುತ್ತದೆ. ತಾಯಿ ಒಂದು ಸುತ್ತು ಓಡಿ ಬರಲಿ, ಆಮೇಲೆ ತಂದೆ ಒಂದು ಸುತ್ತು. ಮಗುವನ್ನು ಎದೆಗೆ ಕಟ್ಟಿಕೊಂಡು ನಡೆಯಬಹುದು, ಓಡಬಾರದು. ತಳ್ಳುಗಾಡಿಯಲ್ಲಿ ಕೂರಿಸಿ ಓಡುವುದಾದರೂ ಕುತ್ತಿಗೆ ಚೆನ್ನಾಗಿ ನಿಂತು, ಕನಿಷ್ಠ ಆರೆಂಟು ತಿಂಗಳು ತುಂಬಿದ ಮೇಲೆ, ಮಕ್ಕಳ ಡಾಕ್ಟರನ್ನು ಕೇಳಿಕೊಂಡೇ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮನೆಯವರ ಪ್ರವಾಸವೆಂದರೆ ಅಮ್ಮನಿಗೆ ಅಡುಗೆಮನೆ ಬೇರೆ ಜಾಗಕ್ಕೆ ಹೋದಂತೆ ಆಗಬಾರದು. ಐದಕ್ಕೆ ಎದ್ದು ಚಿತ್ರಾನ್ನ ಕಲಸಿ, ಡಬ್ಬಿ ತುಂಬಿ, ಫ್ಲಾಸ್ಕು, ಲಂಗೋಟಿ, ಟೋಪಿ, ಸ್ವೆಟರ್ ಎಲ್ಲ ಜೋಡಿಸಿ, ಅಲ್ಲಿ ಬಡಿಸಿ, ವಾಪಸ್ ಬಂದು ಪಾತ್ರೆ ತೊಳೆಯುವ ಕೆಲಸವೆಲ್ಲ ಒಬ್ಬಳದೇ ಆದರೆ ಆಕೆಗೆ ಮಾಗಿಯ ಬಿಸಿಲು ತಾಗುವುದಾದರೂ ಯಾವಾಗ? ಬುತ್ತಿ ಕಟ್ಟುವುದು ಗಂಡನ ಪಾಲಿಗೆ, ಮಗುವಿನ ಚೀಲ ಅತ್ತಿಗೆ ನಾದಿನಿಯರ ಪಾಲಿಗೆ ಬರಲಿ. ಬೀದಿಬದಿ ಹುರಿದ ಕಡಲೆಕಾಯಿ, ಬೇಯಿಸಿದ ಗೆಣಸು ಕೊಂಡು ತಿಂದರೂ ಹೊಟ್ಟೆ ತುಂಬುತ್ತದೆ.

ಇನ್ನು, ಮದುವೆ ಮಕ್ಕಳ ಯೋಚನೆಯೇ ಇಲ್ಲದ ಕಾಲೇಜು ಹುಡುಗ ಹುಡುಗಿಯರೇ, ನಿಮಗೂ ಕೆಲಸವಿದೆ. ನಿಮ್ಮ ಅಕ್ಕ, ಅತ್ತಿಗೆ ಓಡದಿರಲು ಕಾರಣ ಬಹಳ ಸಲ ಸೋಮಾರಿತನವಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹತ್ತಿರ. ಅಷ್ಟರೊಳಗೆ ಓಡಿ ಬರಬೇಕಾದವಳಿಗೆ ಮೈದಾನದಲ್ಲಿ ದೀಪವಿಲ್ಲ, ದಾರಿಯಲ್ಲಿ ನಾಯಿಗಳ ಗುಂಪು, ಬೀಗ ಹಾಕಿದ ಶೌಚಾಲಯ, ಕುಳಿತು ಮಗುವಿಗೆ ಹಾಲೂಡಿಸಲು ಒಂದು ಮರೆಯಿಲ್ಲ, ಕಟ್ಟೆಯ ಮೇಲೆ ಕೂತು ಕಣ್ಣು ಹಾಯಿಸುವವರು ಬೇರೆ. ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಬೀದಿಯ ಹೆಂಗಸರ ಸಹಿ ಹಾಕಿಸಿ. ಪುರಸಭೆಯ ಸದಸ್ಯರ ಮನೆಗೆ, ಮುಖ್ಯಾಧಿಕಾರಿಯ ಕಚೇರಿಗೆ ಗುಂಪಾಗಿ ಹೋಗಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ. ಬೆಳಗ್ಗೆ ಐದೂವರೆಗೆ ದೀಪ ಹತ್ತಬೇಕು, ಶೌಚಾಲಯದ ಬೀಗ ತೆಗೆಯಬೇಕು, ಹಾಲೂಡಿಸಲು ಒಂದು ಕೋಣೆ ಬೇಕು ಎಂದು ಕೇಳಿ. ಹದಿನೈದು ದಿನದಲ್ಲಿ ಆಗದಿದ್ದರೆ ಮತ್ತೆ ಹೋಗಿ. ದೀಪ ಹತ್ತುವ ತನಕ ನಾಲ್ಕೈದು ಮಂದಿ ಹುಡುಗಿಯರು ಸೇರಿ ಆಕೆಯ ಜೊತೆ ಓಡಿ, ಕೈಯಲ್ಲಿ ಟಾರ್ಚ್ ಇರಲಿ. ಈ ವಾರವೇ ಶುರು ಮಾಡಿ, ಮಾಗಿ ಇರುವುದು ಶಿವರಾತ್ರಿಯ ತನಕ ಮಾತ್ರ.